ಸುಟ್ಟ ಬಿರಡೆಯ ಮಸಿ

ಮುಖಕ್ಕೆ ಮಸಿ ಬಳಿದುಕೊಂಡು ಜನರನ್ನು ನಗಿಸುವುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ದೊಡ್ಡ ಉದ್ಯಮವೇ ಆಗಿತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಬಿರಡೆಯನ್ನು ಸುಟ್ಟು, ಪುಡಿಮಾಡಿ, ನೀರಿನಲ್ಲಿ ಕಲಸಿ ಬಿಳಿಯ ನಟರು ಹಚ್ಚಿಕೊಳ್ಳುತ್ತಿದ್ದರು. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ನಟನು ಕುಂಟುವ ಕಪ್ಪು ಆಳಿನ ವೇಷದಲ್ಲಿ ಕುಣಿದು ಹೆಸರಾದನು. ಆ ಪಾತ್ರದ ಹೆಸರು 'ಜಿಮ್ ಕ್ರೋ'. ಮುಂದೆ ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಬೇರ್ಪಡಿಸಿಡಲು ಮಾಡಿದ ಕಾನೂನುಗಳಿಗೆ ಅಂಟಿಕೊಂಡದ್ದೂ ಇದೇ ಹೆಸರು. 1843ರಲ್ಲಿ ನ್ಯೂಯಾರ್ಕಿನಲ್ಲಿ ನಾಲ್ವರು ಕೂಡಿ ಪಿಟೀಲು, ಬ್ಯಾಂಜೊ, ಟ್ಯಾಂಬರೀನ್, ಎಲುಬಿನ ತಾಳಗಳೊಡನೆ ಇದನ್ನು ಮೇಳದ ಆಟವನ್ನಾಗಿಸಿದರು. ಬ್ರಾಡ್‌ವೇಯ ಮೆಕ್ಯಾನಿಕ್ಸ್ ಹಾಲಿನಲ್ಲಿ ಕ್ರಿಸ್ಟಿಯ ಮೇಳ 1847ರಿಂದ ಏಳು ವರ್ಷ ಆಡಿತು. ಟಿಕೆಟಿಗೆ 25 ಸೆಂಟು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಆಟಗಳ ಕೊನೆಯಲ್ಲಿ ಬರುತ್ತಿದ್ದ ಅಣಕ. ಇಟಲಿಯ ಒಪೆರಾ ಆಗ ಸಿರಿವಂತರ ಷೋಕಿ. ಮೇಳದವರು ಬೆಲ್ಲಿನಿ, ಡೊನಿಜೆಟ್ಟಿಯರ ಕೃತಿಗಳನ್ನೇ ಎತ್ತಿಕೊಂಡು ತಲೆಕೆಳಗು ಮಾಡುತ್ತಿದ್ದರು, ನಾಯಕಿಯೂ ಗಂಡಸೇ. 'ಲೂಚಿಯಾ ಡಿ ಲಮ್ಮರ್‌ಮೂರ್' ಎಂಬ ಹೆಸರನ್ನು 'ಲೂಸಿ ಡಿಡ್ ಲ್ಯಾಮ್ ಹರ್ ಮೂರ್' ಎಂದು ತಿರುಚಿದರು. ಲೂಸಿ ತನ್ನ ಮೂರನಿಗೆ ಬಾರಿಸಿದಳು ಎಂದರ್ಥ. ಓದಿದಾಗ ನಾವೂ ನಕ್ಕೆವು, ಮುಚ್ಚಿಡುವುದೇಕೆ? ಹಾಡುಗಾರಿಕೆಯೂ ಕಳಪೆಯಾಗಿರಲಿಲ್ಲ. ಬಕ್ಲಿ ಮನೆತನದ ಮೇಳದಲ್ಲಿ ನಿಜವಾದ ಕಂಠವುಳ್ಳ ಗಾಯಕರಿದ್ದರು. ದೊಡ್ಡವರ ಒಣಜಂಭವನ್ನು ಕೆಣಕುವ ನಗೆಯಲ್ಲಿ ತಪ್ಪೇನು ಎನ್ನಿಸುತ್ತದೆ. ಆದರೆ ಒಪೆರಾವನ್ನು ಅಣಕಿಸಲು ಕಪ್ಪು ಮುಖವೇ ಏಕೆ ಬೇಕಿತ್ತು? ಅಂಥ ಮುಖದಿಂದ ಅಂಥ ಸಂಗೀತ ಹೊರಡುವುದೇ ಆ ಪ್ರೇಕ್ಷಕರಿಗೆ ಮೊದಲ ಹಾಸ್ಯವಾಗಿತ್ತು.

ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಅಂಥ ಮುಖವೊಂದು ನಿಜವಾಗಿಯೇ ಹಾಡಿತು. ಗುಲಾಮಗಿರಿಯಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ ಎಲಿಜಬೆತ್ ಗ್ರೀನ್‌ಫೀಲ್ಡ್ ಅವರನ್ನು ಜನ 'ಕಪ್ಪು ಹಂಸ' ಎನ್ನುತ್ತಿದ್ದರು. 1853ರ ಮಾರ್ಚಿನಲ್ಲಿ ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಹಾಲಿನಲ್ಲಿ ಹಾಡಿದಾಗ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಹಾಡುವವಳು ಒಳಗೆ, ಅವಳ ಜನ ಬೀದಿಯಲ್ಲಿ. ಆಮೇಲೆ ತನ್ನವರಿಗಾಗಿ ಆಕೆ ಬೇರೆಯೇ ಒಂದು ಕಚೇರಿ ಮಾಡಬೇಕಾಯಿತು. ಮರುವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು.

ಇದನ್ನೆಲ್ಲ ದೂರದ ದೇಶದ ಅನ್ಯಾಯವೆಂದು ಓದಿ ಪುಸ್ತಕ ಮುಚ್ಚಬಹುದಿತ್ತು. ಮುಚ್ಚಲಾಗಲಿಲ್ಲ, ಮಸಿ ಎಂಬ ಮಾತು ನಮ್ಮನ್ನು ಕಾಸರಗೋಡಿನ ಬಾಲ್ಯದ ನವರಾತ್ರಿಗೆ ಎಳೆದೊಯ್ದಿತು. ಆಗ ನಾವು ಮೈಗೆಲ್ಲ ಮಸಿ ಬಳಿದು, ತಲೆಗೆ ಅಡಕೆಹಾಳೆಯ ಮುಟ್ಟಾಳೆ ಇಟ್ಟು, ಕೊರಗರ ವೇಷವೆಂದು ಮನೆಮನೆ ತಿರುಗಿದ್ದುಂಟು. ಕಲಿಸಿಕೊಟ್ಟವರು ಯಾರೂ ಇಲ್ಲ; ಹಿರಿಯರು ಹಾಕುತ್ತಿದ್ದರು, ನಾವೂ ಹಾಕಿದೆವು. ಒಂದು ಮನೆಯ ಅಂಗಳದಲ್ಲಿ ನಮ್ಮ ಕುಣಿತಕ್ಕೆ ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ಅಂಗಳದಂಚಿನಲ್ಲಿ ಬುಟ್ಟಿ ಮಾರಲು ಬಂದಿದ್ದ ವಯಸ್ಸಾದ ಕೊರಗ ತಾಯಿಯೊಬ್ಬರು ನಿಂತಿದ್ದರು. ನಮ್ಮನ್ನು ಒಮ್ಮೆ ನೋಡಿದರು. ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸಿ ತಲೆಯ ಮೇಲಿಟ್ಟುಕೊಂಡು, ದರ ಹೇಳದೆಯೇ ಹೊರಟುಹೋದರು.

ಆ ಮನೆಯಲ್ಲಿ ನಮಗೆ ಎಂಟಾಣೆ ಸಿಕ್ಕಿತ್ತು.