ಸೌತೆಬೀಜ ಮತ್ತು ಸೀಗಡಿ

ಗಾಣಗಾಪುರದಲ್ಲಿ ಊಟದ ಮಾತು ತೆಗೆದರೆ ಮೊದಲು ಭಿಕ್ಷೆಯ ಮಾತೇ ಬರುತ್ತದೆ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಈ ಕ್ಷೇತ್ರಕ್ಕೆ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನಕ್ಕೆಂದು ಬಂದವರು ಕನಿಷ್ಠ ಐದು ಮನೆಗಳ ಮುಂದೆ ನಿಂತು ಮಧುಕರಿ ಬೇಡುತ್ತಾರೆ. ಪುಣೆ, ಮುಂಬಯಿಯಿಂದ ಕಾರಿನಲ್ಲಿ ಬಂದ ಸಾಹುಕಾರನೂ ಜೋಳಿಗೆ ಹಿಡಿಯುತ್ತಾನೆ. ಬಸ್ಸಿನ ಚಾರ್ಜಿಗೆ ಕೈಗಡ ಮಾಡಿ ಬಂದವನೂ ಹಿಡಿಯುತ್ತಾನೆ. ನಡುಹಗಲಿನಲ್ಲಿ ದತ್ತ ಮಹಾರಾಜರು ಯಾವುದೋ ಒಂದು ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂಬುದು ಇಲ್ಲಿಯ ನಂಬಿಕೆ. ಹೀಗಾಗಿ ಬಾಗಿಲಿಗೆ ಬಂದವನನ್ನು ಯಾರು, ಏನು ಎಂದು ಕೇಳುವ ರೂಢಿ ನಮ್ಮೂರಿನಲ್ಲಿ ಇಲ್ಲ. ಆದರೆ ಬಂದವನು ಬಾಗಿಲನ್ನು ನೋಡಿ, ಇದು ಯಾರ ಮನೆ ಎಂದು ಕೇಳುವುದುಂಟು.

ನಮ್ಮದು ಅಂಬಿಗರ ಮನೆ. ಮುತ್ಯಾ ಭೀಮೆಯಲ್ಲಿ ಹರಿಗೋಲು ಹಾಕುತ್ತಿದ್ದ, ಬಲೆ ಬೀಸುತ್ತಿದ್ದ. ಪಡಸಾಲೆಯಲ್ಲಿ ಅಂಬಿಗರ ಚೌಡಯ್ಯನವರ ಪಟ, ಅದರ ಪಕ್ಕದಲ್ಲಿ ದತ್ತಾತ್ರೇಯನ ಪಟ. ಜೋಳದ ರೊಟ್ಟಿಯ ಬುಟ್ಟಿ ಹಿಡಿದು ನಮ್ಮವ್ವ ದಿನಾಲು ಹೊಸ್ತಿಲಿನಲ್ಲಿ ನಿಲ್ಲುತ್ತಿದ್ದಳು. ಸೆರಗೊಡ್ಡಿ ಇಸಿದುಕೊಂಡು ಹೋಗುವವರಿದ್ದರು. ನಮ್ಮ ಮನೆಯನ್ನು ದಾಟಿ ಮುಂದಿನ ಮನೆಗೆ ಹೋಗುವವರೂ ಇದ್ದರು. ಅವ್ವ ಇಬ್ಬರಿಗೂ ಕೈ ಮುಗಿಯುತ್ತಿದ್ದಳು.

ಈ ಕಾರಣಕ್ಕೋ ಏನೋ, ಮೀನು ಮತ್ತು ಸೀಗಡಿ ನಮ್ಮ ಮನೆಯಲ್ಲಿ ರಾತ್ರಿಯ ಅಡಿಗೆಯಾಗಿ ಉಳಿದವು. ಗುರುವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ಅವುಗಳ ಹೆಸರೂ ಎತ್ತುವಂತಿಲ್ಲ. ಉಳಿದ ದಿನಗಳಲ್ಲಿಯೂ ದೀಪ ಹಚ್ಚಿದ ಮೇಲೆಯೇ. ಬೋಗಾಣಿ ಬೇರೆ, ಒಲೆ ಬೇರೆ, ಹಂಚು ಬೇರೆ. ಒಣಸೀಗಡಿಯನ್ನು ಹಂಚಿನ ಮೇಲೆ ಹುರಿದು, ಬಳ್ಳೊಳ್ಳಿ ಮತ್ತು ಕೆಂಪು ಮೆಣಸಿನಕಾಯಿ ಹಾಕಿ ಒಳ್ಳಿನಲ್ಲಿ ಕುಟ್ಟಿದರೆ ಬಿಸಿ ರೊಟ್ಟಿಗೆ ಅದರಂಥ ಜೋಡಿ ಇನ್ನೊಂದಿಲ್ಲ. ಆದರೆ ಹುರಿಯುವ ಮೊದಲು ಅವ್ವ ಬೀದಿಯ ಕಿಟಕಿ ಮುಚ್ಚುತ್ತಿದ್ದಳು. ನಾವು ಮಕ್ಕಳು ಆ ಕಿಟಕಿ ಮುಚ್ಚುವ ಸಪ್ಪಳದಿಂದಲೇ ರಾತ್ರಿ ಏನು ಊಟವೆಂದು ತಿಳಿದುಕೊಳ್ಳುತ್ತಿದ್ದೆವು.

ಹೊಳೆಯ ಸೀಗಡಿ ಈಗ ಅಪರೂಪ. ಮೇಲೆ ಮಹಾರಾಷ್ಟ್ರದಲ್ಲಿ 1980ರಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ನಮ್ಮ ಅಫಜಲಪುರ ತಾಲೂಕಿನಲ್ಲಿಯೇ ಸೊನ್ನದ ಬ್ಯಾರೇಜು ಎದ್ದಿತು. ಕೆಳಗೆ ಭೀಮೆ ಹೋಗಿ ಸೇರುವ ಕೃಷ್ಣೆಗೆ ಶ್ರೀಶೈಲ, ನಾಗಾರ್ಜುನಸಾಗರಗಳು ಅಡ್ಡ ನಿಂತಿವೆ. ಕೆಲವು ಜಾತಿಯ ನದೀಸೀಗಡಿಗಳ ಮರಿ ಬೆಳೆಯಲು ಸಮುದ್ರದ ಬಾಯಿಯ ಉಪ್ಪುನೀರು ಬೇಕು. ಅಲ್ಲಿ ಹುಟ್ಟಿ ಹೊಳೆಯ ಎದುರು ಈಜಿ ಮೇಲೆ ಬರಬೇಕು. ಗೋಡೆ ಕಟ್ಟಿದರೆ ಅವು ಎಲ್ಲಿಂದ ಬಂದಾವು? ಬೇಸಿಗೆಯಲ್ಲಿ ಹೊಳೆ ಮಡುಗಟ್ಟಿ ನಿಲ್ಲುತ್ತದೆ. 2020ರ ಅಕ್ಟೋಬರದಂತೆ ಒಮ್ಮೆಲೆ ನೀರು ಬಿಟ್ಟರೆ ಊರೊಳಗೇ ನುಗ್ಗುತ್ತದೆ. ಮುತ್ಯಾನ ಬಲೆ ಅಟ್ಟದ ಮೇಲೆ ಸೇರಿ ಬಹಳ ವರ್ಷಗಳಾದವು.

ಇರಲಿ, ನಾನು ಹೇಳಹೊರಟದ್ದು ಒಂದು ಗ್ರೀಕ್ ಊಟದ ಸಂಗತಿ.

ನನ್ನ ತಮ್ಮನ ಮಗಳು ಹೈದರಾಬಾದಿನ ಒಂದು ದೊಡ್ಡ ಹೋಟೆಲಿನಲ್ಲಿ ಅಡಿಗೆಯ ಕೆಲಸದಲ್ಲಿದ್ದಾಳೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದಾಗ ತಮ್ಮ ಏನೋ ಲೆಕ್ಕ ಬರೆಯುವ ವಿದ್ಯೆ ಇರಬೇಕೆಂದು ಒಪ್ಪಿದ್ದ. ಒಲೆಯ ಮುಂದೆ ಹತ್ತು ಮಂದಿ ಗಂಡಸರ ನಡುವೆ ನಿಂತು ಬಾಣಲೆ ಆಡಿಸುವ ನೌಕರಿ ಎಂದು ತಿಳಿದದ್ದು ಆಮೇಲೆ. 2023ರ ಮಾರ್ಚಿನಲ್ಲಿ ಅವಳಿಗೆ ಒಂದು ಸಂಬಂಧ ಬಂತು. ಹುಡುಗ ಸರಕಾರಿ ನೌಕರ, ಮನೆತನ ಚಲೋ. ನಡುವಿನವರು ಬಂದು ಒಂದೇ ಮಾತು ಹೇಳಿದರು: “ಹುಡುಗಿ ಹೋಟ್ಲ ಕೆಲಸಾ ಬಿಟ್ರ ಮುಂದಿನ ಮಾತು.” ತಮ್ಮ ಫೋನು ಮಾಡಿ, ಗಂಟುಮೂಟೆ ಕಟ್ಟಿಕೊಂಡು ಬಂದುಬಿಡು ಎಂದ.

ಅವಳು ಬಂದಳು. ಗಂಟುಮೂಟೆ ಇರಲಿಲ್ಲ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಬರ್ಫ ತುಂಬಿದ ಥರ್ಮೋಕೋಲ್ ಡಬ್ಬಿ. ಡಬ್ಬಿಯೊಳಗೆ ಎರಡು ಕಿಲೋ ಸೀಗಡಿ.

“ಅಪ್ಪಾ, ನಾ ಏನ್ ಕೆಲಸಾ ಮಾಡ್ತೀನಿ ಅಂತ ನೀ ಒಂದಿನಾನೂ ನೋಡಿಲ್ಲ. ನಾಳಿ ರಾತ್ರಿ ಉಣ್ಣು. ಆಮ್ಯಾಲ ಬಿಡು ಅಂದ್ರ ಬಿಡ್ತೀನಿ” ಎಂದಳು. ತಮ್ಮ ಮಾತಾಡದೆ ಹೊರಗೆ ಹೋದ. ನನಗೆ ಮಾತ್ರ ಎದೆ ಡವಡವ ಅಂದಿತು. ಮೂರು ವರ್ಷದ ಓದು, ನಾಲ್ಕು ವರ್ಷದ ನೌಕರಿ, ಎಲ್ಲವನ್ನೂ ಈ ಹುಡುಗಿ ಒಂದು ತಾಟಿನಲ್ಲಿ ಇಟ್ಟುಬಿಟ್ಟಳಲ್ಲ ಎಂದು.

ಮರುದಿನ ಬುಧವಾರ. ಅವಳು ಮಾಡಬೇಕೆಂದಿದ್ದ ಅಡಿಗೆಯ ಹೆಸರು ಗರೀದೆಸ್ ಯೂವೆತ್ಸಿ. ಗರೀದೆಸ್ ಎಂದರೆ ಗ್ರೀಕರ ಮಾತಿನಲ್ಲಿ ಸೀಗಡಿಗಳು. ಯೂವೆತ್ಸಿ ಎಂಬುದು ಅಡಿಗೆ ಮಾಡುವ ಮಣ್ಣಿನ ಗಡಿಗೆಯ ಹೆಸರು, ತುರ್ಕರಿಂದ ಅವರಿಗೆ ಬಂದದ್ದು. ಟಮಾಟಿಯ ಸಾರಿನಲ್ಲಿ ಕ್ರಿಥರಾಕಿ ಎಂಬ ಸಣ್ಣ ಪಾಸ್ತಾ ಬೇಯಿಸಿ, ಸೀಗಡಿ ಸೇರಿಸಿ, ಮೇಲೆ ಫೆಟಾ ಎಂಬ ಬಿಳಿಯ ಚೀಸು ಉದುರಿಸುವುದು. ಸೀಗಡಿಯೇನೋ ಬಂದಿತ್ತು. ಪಾಸ್ತಾದ ಪೊಟ್ಟಣ ಮಾತ್ರ ಗಡಿಬಿಡಿಯಲ್ಲಿ ಹೈದರಾಬಾದಿನಲ್ಲಿಯೇ ಉಳಿದಿತ್ತು. ಅಫಜಲಪುರದ ಅಂಗಡಿಗಳಲ್ಲಿ ಕೊಳವೆಯಂಥದ್ದು ಸಿಕ್ಕಿತು, ಸುರುಳಿಯಂಥದ್ದು ಸಿಕ್ಕಿತು, ಕ್ರಿಥರಾಕಿ ಸಿಗಲಿಲ್ಲ.

“ಅದು ಹ್ಯಾಂಗಿರ್ತದ ಯವ್ವಾ?” ಎಂದು ಅವ್ವ ಕೇಳಿದಳು. ಅವ್ವನಿಗೆ ಈಗ ಎಂಬತ್ತು ದಾಟಿದೆ. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಎಲುಬು ಮುರಿದಾಗಿನಿಂದ ಅಡಿಗೆಮನೆ ಬಿಟ್ಟಿದ್ದಾಳೆ. ಮೊಮ್ಮಗಳು ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದಳು.

ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಇದು ನಮ್ ಸೌತಿಬೀಜ ಅಲ್ಲೇನ? ಪರಾತ ತಗೊಂಡ್ ಬಾ.”

ನಮ್ಮ ಕಡೆಯವರಿಗೆ ಸೌತೆಬೀಜವನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆ ಬಂತೆಂದರೆ ಶಾವಿಗೆಯ ಜೊತೆಗೆ ಹೆಣ್ಣುಮಕ್ಕಳು ಗುಳ್ಳಡಕಿ, ಪರಡಿ, ಗವಲಿ, ಸೌತೆಬೀಜ ಮಾಡಲು ಕೂಡುತ್ತಾರೆ. ಗೋದಿಯ ಸಣ್ಣರವೆಯನ್ನು ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಹೊದಿಸಿ ನೆನೆಯಿಟ್ಟು, ಎಳ್ಳಿನಷ್ಟು ಚಿವುಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸೆದರೆ ನಡು ದಪ್ಪ, ಎರಡೂ ತುದಿ ಚೂಪು. ಬಿಳಿಯ ಪಂಜೆಯ ಮೇಲೆ ಒಣಗಿಸಿ ಡಬ್ಬಿಗೆ ತುಂಬಿದರೆ ವರುಷವೆಲ್ಲ ಪಾಯಸಕ್ಕಾಯಿತು. ಮದುವೆಯಲ್ಲಿ ಮಗಳ ರುಖವತದಲ್ಲಿ ಇವನ್ನು ತಾಟು ತುಂಬ ಇಡುತ್ತಾರೆ. ಬೀಗರು ಒಂದು ಕಾಳು ಎತ್ತಿ ನೋಡಿ ಹುಡುಗಿಯ ಕೈಯ ಕಸುಬು ಅಳೆಯುತ್ತಾರೆ. ಗ್ರೀಕರಿಗೆ ಆ ಕಾಳು ಬಾರ್ಲಿಯಂತೆ ಕಂಡಿತು. ಕ್ರಿಥರಾಕಿ ಎಂದರೆ ಪುಟ್ಟ ಬಾರ್ಲಿ. ಇಟಲಿಯವರೂ ಅದನ್ನು ಬಾರ್ಲಿಯೆಂದೇ ಕರೆದರು, ಓರ್ಜೋ. ನಮ್ಮವರಿಗೆ ಅದು ಸೌತೆಕಾಯಿಯ ಬೀಜವಾಗಿ ಕಂಡಿತು. ಇದೇ ಎರಡು ಬೆರಳು, ಇದೇ ಗೋದಿ. ಪಾಸ್ತಾಕ್ಕೆ ಬೇಕಾದ ಗಟ್ಟಿ ಗೋದಿ ನಮ್ಮ ಅಂಗಡಿಯ ಬನ್ಸಿರವೆಯೇ.

ಮುಂಜಾನೆ ಎಂಟಕ್ಕೆ ಕುಳಿತರು. ಅವ್ವ, ನನ್ನ ಹೆಂಡತಿ, ತಮ್ಮನ ಹೆಂಡತಿ, ಮಗ್ಗಲು ಮನೆಯ ಇಬ್ಬರು. ಚಹಾದ ಕಪ್ಪು ಹಿಡಿದರೆ ನಡುಗುವ ಅವ್ವನ ಕೈ ಹಿಟ್ಟು ಮುಟ್ಟಿದೊಡನೆ ನಿಂತಿತು. ಉಳಿದವರು ಹತ್ತು ಮಾಡುವಷ್ಟರಲ್ಲಿ ಅವಳದು ಇಪ್ಪತ್ತು. ಹೋಟೆಲಿನ ಹುಡುಗಿ ಹೊಸೆದದ್ದು ಮಾತ್ರ ಇಲಿಯ ಹಿಕ್ಕೆಯಂತೆ ಕಾಣುತ್ತಿತ್ತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಆದರೆ ಬಿಡಲಿಲ್ಲ. ಆಯಿಯ ಬೆರಳನ್ನೇ ನೋಡುತ್ತ ಮಧ್ಯಾಹ್ನದ ಹೊತ್ತಿಗೆ ಹತ್ತರಲ್ಲಿ ಎಂಟು ಸರಿಮಾಡುವಷ್ಟು ಕಲಿತಳು. ನಡುವೆ ಮಧುಕರಿಯವರು ಬಂದರು. ನನ್ನ ಹೆಂಡತಿ ಕೈ ತೊಳೆದು ಎದ್ದು ರೊಟ್ಟಿ ನೀಡಿ ಬಂದಳು.

ಫೆಟಾ ಇಲ್ಲಿ ಎಲ್ಲಿಂದ ಬರಬೇಕು? ಅದು ಕುರಿಯ ಹಾಲಿನದು, ಸ್ವಲ್ಪ ಆಡಿನ ಹಾಲು ಬೆರೆಸಬಹುದು. ಗ್ರೀಸಿನಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರೆಂದು 2002ರಲ್ಲಿ ಯೂರೋಪಿನ ಒಕ್ಕೂಟ ಕಟ್ಟಳೆ ಮಾಡಿದೆ. ನಮ್ಮ ಹುಡುಗಿ ಎರಡು ಲೀಟರು ಆಡಿನ ಹಾಲು ತರಿಸಿ, ಕಾಯಿಸಿ ಲಿಂಬಿಹಣ್ಣು ಹಿಂಡಿ ಒಡೆದಳು. ಬಟ್ಟೆಯಲ್ಲಿ ಕಟ್ಟಿ ಬೀಸುವ ಕಲ್ಲಿನ ಕೆಳಗಿಟ್ಟು, ಆಮೇಲೆ ಉಪ್ಪುನೀರಿನಲ್ಲಿ ನೆನೆಹಾಕಿದಳು. “ಇದಕ್ಕ ಫೆಟಾ ಅಂದ್ರ ಅವರು ಕೇಸ್ ಹಾಕ್ತಾರ ದೊಡ್ಡಪ್ಪಾ” ಎಂದಳು. ಆಲಿವ್ ಎಣ್ಣೆಗೆ ಬದಲು ಕುಸುಬಿ ಎಣ್ಣೆ. ಒರೆಗಾನೊ ಎಂಬ ಸೊಪ್ಪಿಗೆ ಬದಲು ಅಂಗಳದ ಕುಂಡದಲ್ಲಿದ್ದ ದೊಡ್ಡಪತ್ರೆಯ ಎರಡು ಎಲೆ; ಎರಡರ ಕಂಪೂ ಹೆಚ್ಚುಕಡಿಮೆ ಒಂದೇ. ಆದರೆ ಸಬ್ಬಸಗಿಗೆ ಬದಲಿ ಹುಡುಕುವ ಪ್ರಶ್ನೆ ಬರಲಿಲ್ಲ. ಗ್ರೀಕರು ನಮ್ಮಷ್ಟೇ ಧಾರಾಳವಾಗಿ ಸಬ್ಬಸಗಿ ತಿನ್ನುತ್ತಾರಂತೆ.

ಈ ಅಡಿಗೆಗೆ ಅವರು ಊಜೊ ಎಂಬ ಸೋಂಪಿನ ವಾಸನೆಯ ಮದ್ಯವನ್ನು ಸುರಿಯುವುದುಂಟು. ನಾನು ಕನ್ನಡ ಮೇಷ್ಟ್ರಾಗಿದ್ದವನು. ಗ್ರೀಕರು, ಮದ್ಯ ಎಂದೊಡನೆ ನೆನಪಾದದ್ದು ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ ಪ್ರಹಸನ. ಅದರಲ್ಲಿ ಗ್ರೀಕರ ಹೆಣ್ಣುಮಗಳೊಬ್ಬಳು ಭಾರತದ ಕರಾವಳಿಯಲ್ಲಿ ಸಿಕ್ಕಿಬೀಳುತ್ತಾಳೆ; ಅವಳ ಕಡೆಯವರು ಇಲ್ಲಿಯ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಪಾರುಮಾಡುತ್ತಾರೆ. ಅಲ್ಲಿಯ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಜ್ ಎಂಬ ವಿದ್ವಾಂಸರು ವಾದಿಸಿದರು. ಗೋವಿಂದ ಪೈಗಳು ಅದನ್ನು ಮುಂದುವರಿಸಿದರು; ಒಪ್ಪದವರೂ ಇದ್ದಾರೆ. ಈ ಕಥೆಯನ್ನು ಹೇಳಿದಾಗ ಹುಡುಗಿ, “ಕುಡಿಸಿ ಒಪ್ಪಿಸೋದು ನಮಗ ಬ್ಯಾಡ ದೊಡ್ಡಪ್ಪಾ” ಎಂದು ಒಂದು ಚಿಟಿಕೆ ಬಡೀಸೋಪು ಕುಟ್ಟಿ ಹಾಕಿದಳು.

ಸೀಗಡಿ ಆಂಧ್ರದ ಕೆರೆಗಳಲ್ಲಿ ಸಾಕಿದ ವನ್ನಾಮೈ. ಅಮೆರಿಕದ ಪೆಸಿಫಿಕ್ ತೀರದ ಈ ಜಾತಿಗೆ ನಮ್ಮ ದೇಶದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಟಮಾಟಿಯೂ ಅಮೆರಿಕದಿಂದಲೇ ಬಂದದ್ದು, ನಮಗೂ ಗ್ರೀಕರಿಗೂ. ಅಲ್ಲಿಗೆ ಆ ಬೋಗಾಣಿಯಲ್ಲಿ ಯಾವುದು ಅವರದು, ಯಾವುದು ನಮ್ಮದು ಎಂದು ಬೇರೆ ಮಾಡುವುದೇ ಕಷ್ಟವಾಯಿತು.

ಅವಳ ಕೆಲಸ ನೋಡುವಂತಿತ್ತು. ಸೀಗಡಿಯ ಬೆನ್ನು ಸೀಳಿ ಕಪ್ಪು ನರ ತೆಗೆದಳು. ತಲೆ, ಸಿಪ್ಪೆಗಳನ್ನು ಹುರಿದು ನೀರು ಹಾಕಿ ಕುದಿಸಿ ಸೋಸಿಕೊಂಡಳು. ಯಾವುದನ್ನೂ ಚೆಲ್ಲಲಿಲ್ಲವೆಂದು ಅವ್ವನಿಗೆ ಸಮಾಧಾನ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಾಡಿಸಿ, ಮುಕ್ಕಾಲು ಕಿಲೋ ಟಮಾಟಿ ಕರಗಿಸಿ, ಸಿಪ್ಪೆಯ ಸಾರು ಹೊಯ್ದು, ಅರೆ ಒಣಗಿದ ಸೌತೆಬೀಜ ಸುರಿದಳು. ಅವು ಸಾರನ್ನು ಹೀರಿ ಉಬ್ಬಿದ ಮೇಲೆ, ಕಡೆಗೆ ಸೀಗಡಿ. ಎರಡು ಮೂರು ನಿಮಿಷ ಸಾಕು. ಅರ್ಧಚಂದ್ರದಂತೆ ಬಾಗಿದರೆ ಇಳಿಸಬೇಕು, ಉಂಗುರವಾಯಿತೆಂದರೆ ರಬ್ಬರು. ಆ ಕಿಟಕಿಯನ್ನು ಮುಚ್ಚುವುದು ಅಂದು ಯಾರಿಗೂ ನೆನಪಾಗಲಿಲ್ಲ. ಅಥವಾ ಅವಳು ಮುಚ್ಚಗೊಡಲಿಲ್ಲವೋ.

ತಮ್ಮ ಬಂದು ಕುಳಿತ. ತಾಟಿನಲ್ಲಿದ್ದುದನ್ನು ಬೆರಳಿನಿಂದ ಸರಿಸಿ ನೋಡಿದ. “ಪಾಯಸದ ಸೌತಿಬೀಜ ಇಲ್ಲಿ ಯಾಕ ಬಂತು?” ಎಂದ. ಯಾರೂ ಉತ್ತರ ಕೊಡಲಿಲ್ಲ. ಒಂದು ತುತ್ತು ಉಂಡ. ಇನ್ನೊಂದು. ಸೀಗಡಿಯನ್ನು ಕಡೆಗೆಂದು ಬದಿಗೆ ಸರಿಸಿಟ್ಟುಕೊಳ್ಳುವುದು ಅವನ ಚಿಕ್ಕಂದಿನ ಚಾಳಿ. ಅಂದೂ ಹಾಗೆಯೇ ಸರಿಸಿಟ್ಟುಕೊಂಡ. ಎರಡನೆಯ ಸಲ ಹಾಕಿಸಿಕೊಂಡ ಮೇಲೆ ಮಗಳನ್ನು ಕೇಳಿದ:

“ಹೋಟ್ಲಾಗ ಇದನ್ನ ನೀನೇ ಮಾಡ್ತೀ? ನಿನ್ನ ಮ್ಯಾಲ ಯಾರಿರ್ತಾರ?”

“ಇದಕ್ಕ ನಾನೇ ಅಪ್ಪಾ. ನನ್ನ ಕೆಳಗ ಇಬ್ಬರದಾರ.”

“ಗಂಡಸರು?”

“ಹೂಂ.”

“ಹೇಳಿದ್ದ ಕೇಳ್ತಾರ?”

“ಕೇಳಲಿಲ್ಲ ಅಂದ್ರ ಉಪ್ಪು ಸರಿ ಆಗಂಗಿಲ್ಲಲ್ಲ.”

ಅವನು ನಕ್ಕನೆಂದು ಹೇಳಲಾರೆ. ಕೈ ತೊಳೆಯಲು ಎದ್ದು ಹೋದ. ಅವ್ವ ತನ್ನ ತಾಟಿನಿಂದ ಒಂದು ಕಾಳು ಎತ್ತಿ ದೀಪಕ್ಕೆ ಹಿಡಿದು ನೋಡಿ, “ಇದು ನೀ ಹೊಸ್ದಿದ್ದು ಯವ್ವಾ, ತುದಿ ಮೊಂಡದ” ಎಂದು ಬಾಯಿಗೆ ಹಾಕಿಕೊಂಡಳು.

ಗುರುವಾರ ಮಧುಕರಿಯ ಹೊತ್ತು ಮುಗಿದ ಮೇಲೆ ತಮ್ಮ ನಡುವಿನವರ ಮನೆಗೆ ಹೋದ. ಅಲ್ಲಿ ಏನು ಮಾತಾಯಿತೋ ಪೂರ್ತಿ ಹೇಳಲಿಲ್ಲ. “ನೌಕರಿ ಬಿಡಾಂಗಿಲ್ಲ, ಬೇಕಾದ್ರ ನೋಡ್ರಿ ಅಂದು ಬಂದೆ” ಎಂದಷ್ಟೇ ಅಂದ. ಅವರು ನೋಡಲಿಲ್ಲ. ಆ ಹುಡುಗನ ಮದುವೆ ಬೇರೆ ಕಡೆ ಆಯಿತು. ಈ ಮಾತಿನ ಮೇಲೆ ನಮ್ಮ ಬಂಧುಬಳಗದಲ್ಲಿ ತಮ್ಮನನ್ನು ಬೈದವರೇ ಹೆಚ್ಚು. ತಮ್ಮನ ಹೆಂಡತಿ ಇಂದಿಗೂ ಒಮ್ಮೊಮ್ಮೆ ನಿಟ್ಟುಸಿರು ಬಿಡುತ್ತಾಳೆ. ಆ ನಿಟ್ಟುಸಿರು ಸುಳ್ಳೆಂದು ನಾನು ಹೇಳುವುದಿಲ್ಲ.

ಹುಡುಗಿ ಹೈದರಾಬಾದಿನಲ್ಲಿದ್ದಾಳೆ. ಈಗ ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಎರಡು ಪಂಜೆ ಹಾಸುತ್ತಾರೆ. ಒಂದರ ಮೇಲಿನ ಸೌತೆಬೀಜ ಮನೆಯ ಪಾಯಸಕ್ಕೆ. ಇನ್ನೊಂದರ ಮೇಲಿನದು ತುಸು ದಪ್ಪ, ಅದು ಡಬ್ಬಿಯಲ್ಲಿ ತುಂಬಿ ಹೈದರಾಬಾದಿಗೆ ಹೋಗುತ್ತದೆ. ಸಾರಿನಲ್ಲಿ ಬೇಯಿಸುವುದಕ್ಕೆ ಸಣ್ಣದು ಕರಗಿಹೋಗುತ್ತದೆಂದು ಅವ್ವನೇ ಲೆಕ್ಕ ಹಾಕಿ ದಪ್ಪ ಮಾಡಿಸುತ್ತಾಳೆ. ತಮ್ಮ ಸಂಜೆಗೆ ಮಾಳಿಗೆ ಹತ್ತಿ, ಇಬ್ಬನಿ ತಾಕದಂತೆ ಎರಡೂ ಪಂಜೆಗಳನ್ನು ಮಡಚಿ ಕೆಳಗೆ ತರುತ್ತಾನೆ.