ರಸ್ತೆ ಮುಗಿದಲ್ಲಿಂದ ಫುಕ್ತಾಲ್‌ಗೆ

ಲಡಾಖ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪಾಂಗಾಂಗ್ ಸರೋವರ, ಖಾರ್ದುಂಗ್ ಲಾ ಮತ್ತು ಬೈಕ್ ಸವಾರಿ. ಅದೇ ಲಡಾಖಿನ ಒಂದು ಮೂಲೆಯಲ್ಲಿ ಝಂಸ್ಕಾರ್ ಎಂಬ ಸೀಮೆಯಿದೆ. ಅಲ್ಲಿ ತ್ಸರಾಪ್ ನದಿ ಕೊರೆದ ಆಳವಾದ ಕಮರಿಯ ಮೇಲೆ, ಬಂಡೆಯ ಗವಿಯೊಂದಕ್ಕೆ ಅಂಟಿಕೊಂಡಂತೆ ಫುಕ್ತಾಲ್ ಗೊಂಪಾ ನಿಂತಿದೆ. ಗೊಂಪಾ ಎಂದರೆ ಬೌದ್ಧ ಮಠ. ನಾವು ಹೋದಾಗ ಅದರ ಬಾಗಿಲವರೆಗೆ ಯಾವ ವಾಹನವೂ ಹೋಗುತ್ತಿರಲಿಲ್ಲ. ಲಾಮಾಗಳಾಗಲಿ, ಪ್ರವಾಸಿಗಳಾಗಲಿ, ಅಕ್ಕಿಮೂಟೆಯಾಗಲಿ, ಕಾಲ ಮೇಲೆ ಇಲ್ಲವೇ ಕುದುರೆಯ ಬೆನ್ನ ಮೇಲೆಯೇ ಅಲ್ಲಿಗೆ ಸೇರಬೇಕು. ಹಳ್ಳಿಯಿಂದ ಗೊಂಪಾಕ್ಕೆ, ಗೊಂಪಾದಿಂದ ಇನ್ನೊಂದು ಹಳ್ಳಿಗೆ ಹೋಗುವ ಈ ಕಾಲುದಾರಿಯಲ್ಲಿ ನಾನು, ನಮ್ಮೆಜಮಾನರು ಮತ್ತು ಏಳನೇ ತರಗತಿಯ ಮಗಳು ಸೆಪ್ಟೆಂಬರ್ ಮೊದಲ ವಾರ ನಡೆದು ಬಂದೆವು.

ಝಂಸ್ಕಾರ್ ಇರುವುದು ಹಿಮಾಲಯದ ದೊಡ್ಡ ಸಾಲಿನ ಬೆನ್ನ ಹಿಂದೆ. ಸಹ್ಯಾದ್ರಿಯ ಮರೆಗೆ ಬಿದ್ದ ನಮ್ಮ ಬಯಲುಸೀಮೆಗೆ ಮಳೆ ಕಡಿಮೆಯಾಗುವ ಹಾಗೆ, ಮುಂಗಾರಿನ ಮೋಡ ಈ ಸಾಲನ್ನು ದಾಟಿ ಬರುವುದು ಅಪರೂಪ. ಆದ್ದರಿಂದ ಬೆಟ್ಟಗಳ ಮೇಲೆ ಮರವೂ ಇಲ್ಲ, ಹುಲ್ಲೂ ಅಷ್ಟಕ್ಕಷ್ಟೆ. ಹಿಮ ಕರಗಿದ ನೀರನ್ನು ಕಾಲುವೆ ಮಾಡಿ ಹರಿಸಿಕೊಂಡಲ್ಲಿ ಮಾತ್ರ ಹಸಿರು. ಮುಖ್ಯ ಪಟ್ಟಣ ಪಾದುಮ್ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯದು 1,930 ಮೀಟರ್. ಅಂದರೆ ಅಲ್ಲಿಯ ಬಸ್‌ಸ್ಟ್ಯಾಂಡೇ ನಮ್ಮ ಅತಿ ಎತ್ತರದ ಶಿಖರದ ಹೆಚ್ಚುಕಡಿಮೆ ಎರಡರಷ್ಟು ಎತ್ತರ! ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಪಾಲಿನಷ್ಟೇ. ಹಾಗಾಗಿ ಲೇಹ್‌ನಲ್ಲಿ ಎರಡು ದಿನ, ಪಾದುಮ್‌ನಲ್ಲಿ ಒಂದು ದಿನ ಏನೂ ಮಾಡದೆ ಕುಳಿತೆವು. "ಏನೂ ಮಾಡದಿರೋದೂ ಟ್ರೆಕ್ಕಿಂಗಿನ ಭಾಗಾನಾ?" ಎಂದು ಮಗಳು ಗೊಣಗಿದಳು. ಹೌದು, ಇಲ್ಲಿ ಅದೇ ಮೊದಲ ಪಾಠ.

ಪಾದುಮ್‌ನಿಂದ ದಕ್ಷಿಣಕ್ಕೆ ನದಿಯ ಜೊತೆಜೊತೆಗೇ ರಸ್ತೆ ಸಾಗುತ್ತದೆ. ಮೊದಲು ಸಿಗುವುದು ಬರ್ದನ್ ಗೊಂಪಾ. ನದಿಯ ನೆತ್ತಿಯ ಮೇಲೆ ಚಾಚಿಕೊಂಡ ಬಂಡೆಯ ತುದಿಯಲ್ಲಿ ಅದು ಕೋಟೆಯ ಹಾಗೆ ಕುಳಿತಿದೆ. ಆಮೇಲೆ ಮುನೆ ಗೊಂಪಾ, ರಾರು ಹಳ್ಳಿ. ಅಲ್ಲಿಂದ ಮುಂದೆ ಕಮರಿ ಕಿರಿದಾಗುತ್ತ ಹೋಗುತ್ತದೆ. ಹಿಂದೆ ಪಾದುಮ್‌ನಿಂದ ಪುರ್ನೆ ಹಳ್ಳಿಗೆ ಬರಲು ಎರಡು ಮೂರು ದಿನ ನಡೆಯಬೇಕಿತ್ತು. ಈಗ ಜೀಪಿನಲ್ಲಿ ಅರ್ಧ ದಿನ ಸಾಕು.

ಪುರ್ನೆ ಎಂದರೆ ಕೆಲವೇ ಮನೆಗಳು. ಕರ್ಗ್ಯಾಕ್ ಹೊಳೆ ಬಂದು ತ್ಸರಾಪ್ ನದಿಯನ್ನು ಸೇರುವುದು ಇಲ್ಲೇ. ನಾವು ಹೋದಾಗ ಬಾರ್ಲಿ ಸುಗ್ಗಿ ನಡೆದಿತ್ತು. ಗಟ್ಟಿಮಣ್ಣಿನ ಕಣ, ನಡುವೆ ಒಂದು ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಕತ್ತೆ, ಕುದುರೆ, ಜೋಗಳು ಸುತ್ತುತ್ತಿದ್ದವು. ಜೋ ಎಂದರೆ ಯಾಕ್ ಮತ್ತು ಹಸುವಿನ ಬೆರಕೆ. ಹಿಂದೆ ಒಬ್ಬಾಕೆ ರಾಗವಾಗಿ ಹಾಡುತ್ತ ನಡೆಯುತ್ತಿದ್ದಳು. ನಮ್ಮ ಉತ್ತರ ಕರ್ನಾಟಕದ ಕಣ, ಮೇಟಿಕಂಬ, ಹಂತಿ ಪದ ಎಲ್ಲವೂ ಕಣ್ಣಮುಂದೆ ಬಂದವು. ಭಾಷೆ ಗೊತ್ತಿಲ್ಲದಿದ್ದರೂ ಅದು ದನಗಳನ್ನು ಹುರಿದುಂಬಿಸುವ ಹಾಡು ಎಂಬುದು ತಿಳಿಯುತ್ತಿತ್ತು.

ರಾತ್ರಿ ಹೋಂಸ್ಟೇಯ ಅಡುಗೆಮನೆಯಲ್ಲಿ ಒಲೆಯ ಸುತ್ತ ಕುಳಿತೆವು. ಒಲೆಗೆ ಒಣಗಿದ ಸಗಣಿಯೇ ಉರುವಲು. ಕುಕ್ಕರ್ ಮಾತ್ರ ಎಲ್ಲ ಮನೆಯಲ್ಲೂ ಬೇಕೇ ಬೇಕು. ಏಕೆಂದರೆ ಇಷ್ಟು ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಬೇಯುವುದು ಕಷ್ಟ. ಮನೆಯಾಕೆಗೆ ಹಿಂದಿ ಬರುತ್ತಿತ್ತು. ರಸ್ತೆ ಬಂದದ್ದು ಒಳ್ಳೆಯದಾಯಿತೇ ಎಂದು ಕೇಳಿದೆ. ಆಕೆ ರೊಟ್ಟಿ ತಟ್ಟುತ್ತಲೇ ಹೇಳಿದಳು: "ನನ್ನ ದೊಡ್ಡ ಮಗಳಿಗೆ ಎರಡು ವರ್ಷವಿದ್ದಾಗ ಜ್ವರ ಏರಿ ಇಳಿಯಲೇ ಇಲ್ಲ ಅಕ್ಕ. ಅವಳಪ್ಪ ಬೆನ್ನಿಗೆ ಕಟ್ಟಿಕೊಂಡು ಪಾದುಮ್ ಆಸ್ಪತ್ರೆಗೆ ನಡೆದರು. ಎರಡು ದಿನ ಹಿಡೀತು. ಮಗು ಉಳೀತು. ಪಕ್ಕದ ಮನೆಯವರ ಮಗು ಉಳೀಲಿಲ್ಲ." ಆಮೇಲೆ ನಮ್ಮ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ನಕ್ಕಳು: "ನೀವು ಖುಷಿಗೆ ನಡೀತೀರಿ. ನಡೀರಿ, ಒಳ್ಳೇದು."

ಮಾರನೇ ದಿನ ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಗಿತ್ತು.

ಪುರ್ನೆಯಿಂದ ಫುಕ್ತಾಲ್‌ಗೆ ಆರೇಳು ಕಿಲೋಮೀಟರ್. ನಮ್ಮೂರಲ್ಲಾದರೆ ಒಂದೂವರೆ ಗಂಟೆಯ ಮಾತು. ಇಲ್ಲಿ ಮೂರು ಗಂಟೆ ಬೇಕಾಯಿತು. ದಾರಿ ಕೆಲವು ಕಡೆ ಎರಡೇ ಅಡಿ ಅಗಲ. ಒಂದು ಪಕ್ಕ ಸಡಿಲ ಕಲ್ಲುಗಳ ಇಳಿಜಾರು, ಇನ್ನೊಂದು ಪಕ್ಕ ಬಹಳ ಕೆಳಗೆ ಹಸಿರು-ನೀಲಿ ತ್ಸರಾಪ್. ನೀರಿನ ಮೊರೆತ ಬಿಟ್ಟರೆ ಬೇರೆ ಸದ್ದಿಲ್ಲ. ಗಂಟೆಯ ನಾದ ಕೇಳಿದರೆ ಎದುರಿನಿಂದ ಹೊರೆಕುದುರೆಗಳು ಬರುತ್ತಿವೆ ಎಂದರ್ಥ. ಆಗ ತಪ್ಪದೆ ಬೆಟ್ಟದ ಕಡೆಯ ಅಂಚಿಗೆ ಸರಿದು ನಿಲ್ಲಬೇಕು. ಕಮರಿಯ ಕಡೆ ನಿಂತರೆ ಹೊರೆ ತಗುಲಿ ಕಾಲು ಜಾರಬಹುದು. ಅಂದು ಎದುರಾದ ಕುದುರೆಗಳ ಬೆನ್ನಮೇಲೆ ಖಾಲಿ ಗ್ಯಾಸ್ ಸಿಲಿಂಡರ್‌ಗಳಿದ್ದವು.

ದಾರಿಯಲ್ಲಿ ಅಲ್ಲಲ್ಲಿ ಬಿಳಿಯ ಚೋರ್ಟೆನ್‌ಗಳು, ಅಂದರೆ ಸ್ತೂಪಗಳು. ಮಂತ್ರ ಕೆತ್ತಿದ ಕಲ್ಲುಗಳನ್ನು ಪೇರಿಸಿದ ಮಣಿ ಗೋಡೆಗಳೂ ಸಿಗುತ್ತವೆ. ಇವುಗಳನ್ನು ದಾಟುವಾಗ ಗೋಡೆ ನಮ್ಮ ಬಲಕ್ಕಿರಬೇಕು. ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಕ್ರಮವೇ ಇದು. ಮಗಳಿಗೆ ಹೆಚ್ಚು ಇಷ್ಟವಾದದ್ದು ಮಾತ್ರ ಎದುರು ಬೆಟ್ಟದ ಬಂಡೆ. ಕಂದು, ಬೂದು, ನೇರಳೆ ಬಣ್ಣದ ಪದರಗಳು ಚಿರೋಟಿಯ ಎಳೆಗಳ ಹಾಗೆ ಮಡಚಿ ಸುರುಳಿಯಾಗಿದ್ದವು. ಕೋಟ್ಯಂತರ ವರ್ಷಗಳ ಹಿಂದೆ ಇದೆಲ್ಲ ಟೆಥಿಸ್ ಎಂಬ ಸಮುದ್ರದ ತಳದ ಕೆಸರು. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತಿದಾಗ ಆ ಪದರಗಳು ಮಡಚಿಕೊಂಡು ಮೇಲೆದ್ದವು. "ಹಾಗಾದ್ರೆ ನಾವು ಸಮುದ್ರದ ತಳದಲ್ಲಿ ನಡೀತಿದ್ದೀವಿ" ಎಂದಳು ಮಗಳು.

ನದಿ ಯಾವಾಗಲೂ ಹೀಗೆ ಶಾಂತವಾಗಿರುವುದಿಲ್ಲ. 2014ರ ಕೊನೆಯಲ್ಲಿ ಮೇಲ್ಭಾಗದಲ್ಲಿ ಬೆಟ್ಟ ಕುಸಿದು ನದಿಗೆ ಅಡ್ಡವಾಗಿ ಬಿತ್ತು. ಹಿಂದೆ ನೀರು ನಿಂತು ದೊಡ್ಡ ಕೆರೆಯೇ ಆಯಿತು. 2015ರ ಮೇ 7ರಂದು ಆ ಒಡ್ಡು ಒಡೆಯಿತು. ಅಪಾಯ ಗೊತ್ತಿದ್ದರಿಂದ ನದಿಪಕ್ಕದ ಜನರನ್ನು ಮೊದಲೇ ಎತ್ತರದ ಜಾಗಗಳಿಗೆ ಸರಿಸಲಾಗಿತ್ತು. ಆದರೆ ಹಲವು ಸೇತುವೆಗಳು ಕೊಚ್ಚಿಹೋದವು. ಗೊಂಪಾದ ಕೆಳಗಿದ್ದ ಶಾಲೆಗೂ ಹಾನಿಯಾಯಿತು. ಕಾಲುದಾರಿಯನ್ನೇ ನಂಬಿದ ಊರಿಗೆ ಸೇತುವೆ ಹೋಯಿತೆಂದರೆ ಅಂಗಡಿ, ಆಸ್ಪತ್ರೆ, ನೆಂಟರ ಮನೆ ಎಲ್ಲವೂ ಒಂದೇ ದಿನದಲ್ಲಿ ದೂರವಾದಂತೆ.

ಗೊಂಪಾ ಹತ್ತಿರವಾದಾಗ ಒಂದು ಸೇತುವೆ ದಾಟಿ, ಏರು ಹತ್ತಿ, ತಿರುವಿನಲ್ಲಿ ನಿಂತೆವು. ಹೆಬ್ಬಂಡೆಯ ಮೈಗೆ ಕಟ್ಟಿದ ಹೆಜ್ಜೇನಿನ ಹಾಗೆ, ಒಂದರ ಮೇಲೊಂದು ಬಿಳಿಯ ಮಣ್ಣಿನ ಕೋಣೆಗಳು. ಅವುಗಳ ನೆತ್ತಿಯಲ್ಲಿ ಕಪ್ಪಗೆ ಬಾಯಿ ತೆರೆದ ಗವಿ. ಅದರ ಮೇಲುಗಡೆ ಒಂದು ಒಂಟಿ ಮರ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಇನ್ನೊಂದು ಮರವಿಲ್ಲ. ‘ಫುಕ್’ ಎಂದರೆ ಅವರ ಮಾತಿನಲ್ಲಿ ಗವಿ. ಈಗಿರುವ ಗೊಂಪಾವನ್ನು 15ನೇ ಶತಮಾನದ ಆರಂಭದಲ್ಲಿ ಜಂಗ್ಸೆಮ್ ಶೆರಪ್ ಝಂಗ್ಪೋ ಎಂಬ ಗುರು ಕಟ್ಟಿಸಿದರು ಎನ್ನುತ್ತಾರೆ. ಗವಿಯೊಳಗೆ ನೀರಿನ ಒರತೆಯೊಂದಿದೆ. ಅದು ಉಕ್ಕುವುದೂ ಇಲ್ಲ, ಬತ್ತುವುದೂ ಇಲ್ಲ ಎಂಬುದು ಅಲ್ಲಿಯವರ ನಂಬಿಕೆ.

ಗೊಂಪಾದಲ್ಲಿ ಒಂದು ಕಲ್ಲುಫಲಕವಿದೆ. ಅಲೆಕ್ಸಾಂಡರ್ ಚೋಮಾ ಎಂಬ ಹಂಗೇರಿಯ ವಿದ್ವಾಂಸನ ನೆನಪಿಗೆ ಇಟ್ಟದ್ದು. 1819ರಲ್ಲಿ ಊರು ಬಿಟ್ಟ ಆತ ಬಹುಪಾಲು ನಡೆದೇ ಏಷ್ಯಾ ದಾಟಿ ಝಂಸ್ಕಾರ್‌ಗೆ ಬಂದ. ಇಲ್ಲಿಯ ಲಾಮಾ ಒಬ್ಬರಿಂದ ಟಿಬೆಟನ್ ಭಾಷೆ ಕಲಿತ. ಈ ಗೊಂಪಾದಲ್ಲೂ ತಂಗಿದ್ದ. ಆತನ ಟಿಬೆಟನ್-ಇಂಗ್ಲಿಷ್ ನಿಘಂಟು 1834ರಲ್ಲಿ ಕಲ್ಕತ್ತದಲ್ಲಿ ಅಚ್ಚಾಯಿತು. ಅದಾಗಿ 60 ವರ್ಷಕ್ಕೆ, 1894ರಲ್ಲಿ, ಜರ್ಮನಿಯಿಂದ ಬಂದ ಕಿಟೆಲ್ ನಮ್ಮ ಕನ್ನಡದ ನಿಘಂಟು ಹೊರತಂದರು. ದೂರದಿಂದ ಬಂದು ಇನ್ನೊಬ್ಬರ ಮಾತನ್ನು ತಾಳ್ಮೆಯಿಂದ ಕಲಿತ ಇಬ್ಬರು ಎಂದು ಮಗಳಿಗೆ ಹೇಳಿದೆ.

ಅಡುಗೆಮನೆಯಲ್ಲಿ ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಕೊಟ್ಟರು. ಕಡೆಯುವಾಗ ಬರುವ ಸದ್ದಿನಿಂದ ಅದಕ್ಕೆ ಗುರ್‌ಗುರ್ ಚಹಾ ಎಂದೇ ಹೆಸರು. ಜೊತೆಗೆ ತ್ಸಂಪಾ, ಹುರಿದ ಬಾರ್ಲಿಯ ಹಿಟ್ಟು. ಪರಿಮಳ ನಮ್ಮ ರಾಗಿ ಹುರಿಹಿಟ್ಟನ್ನೇ ನೆನಪಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಲಾಮಾ ಒಬ್ಬರು "ಊಟ ಆತೇನ್ರಿ?" ಎಂದರು. ಮೂವರೂ ಬೆಚ್ಚಿ ನೋಡಿದೆವು. "ಮುಂಡಗೋಡದಾಗ ಎಂಟು ವರ್ಷ ಓದೇನ್ರಿ" ಎಂದು ಅವರು ನಕ್ಕರು. ಲಡಾಖಿನ ಅನೇಕ ಲಾಮಾಗಳು ಹೆಚ್ಚಿನ ಓದಿಗೆ ನಮ್ಮ ಮುಂಡಗೋಡ, ಬೈಲಕುಪ್ಪೆಯ ದೊಡ್ಡ ಮಠಗಳಿಗೇ ಬರುತ್ತಾರೆ. ಅವರ ಬಳಿಯೂ ರಸ್ತೆಯ ಮಾತು ತೆಗೆದೆ. "ರಸ್ತಾ ಬಂದ್ರ ಸಿಲಿಂಡರ್ ಹೊರೂದು ತಪ್ಪತೈತಿ. ವಯಸ್ಸಾದ ಲಾಮಾಗಳಿಗೆ ದವಾಖಾನಿ ಹತ್ರ ಆಗತೈತಿ. ಹಾರ್ನ್ ಅಷ್ಟ ಇಲ್ಲೀತನಕ ಬರಬಾರ್ದು ನೋಡ್ರಿ!"

ರಸ್ತೆಯಂತೂ ಬರುತ್ತಿದೆ. ನಿಮ್ಮು-ಪಾದುಮ್-ದಾರ್ಚಾ ಹೆದ್ದಾರಿ 2024ರ ಮಾರ್ಚ್‌ನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಕೂಡಿಕೊಂಡಿತು. ಅದೇ ವರ್ಷ ಜುಲೈನಲ್ಲಿ ಶಿಂಕುನ್ ಲಾ ಕೆಳಗೆ 4.1 ಕಿಲೋಮೀಟರ್ ಸುರಂಗದ ಕೆಲಸ ಶುರುವಾಯಿತು. ಇದುವರೆಗೆ ಚಳಿಗಾಲದಲ್ಲಿ ಕಣಿವೆಯ ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿದಾಗ, ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆಯೇ ನಡೆದು ಜನ ಲೇಹ್‌ಗೆ ಹೋಗುತ್ತಿದ್ದರು. ‘ಚಾದರ್’ ಎಂಬ ಹೆಸರಿನ ಆ ನಡಿಗೆ ಪ್ರವಾಸಿಗಳಿಗೆ ಸಾಹಸ. ದೂರದ ಶಾಲೆಗೆ ಮಕ್ಕಳನ್ನು ಬಿಡಲು ಹೊರಟ ಅಪ್ಪಂದಿರಿಗೆ ಬೇರೆ ದಾರಿಯೇ ಇರಲಿಲ್ಲ.

ವಾಪಸಾಗುವಾಗ ನದಿಯ ಈಚೆ ದಡದಲ್ಲೇ ಛಾ ಹಳ್ಳಿಯ ಕಡೆ ಇಳಿದೆವು. "ಗೊಂಪಾವರೆಗೆ ಕಾರು ಬಂದ್ರೆ ಯಾರು ನಡೀತಾರಮ್ಮ?" ಎಂದು ಮಗಳು ಕೇಳಿದಳು. "ನಡೆಯೋಕೆ ಇಷ್ಟ ಇರೋರು" ಎಂದರು ಅವಳಪ್ಪ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಆ ಆಂಟಿಗೂ ಅದು ಇಷ್ಟಕ್ಕೆ ಬಿಟ್ಟಿದ್ದಾಗುತ್ತೆ, ಅಲ್ವಾ?" ಎಂದಳು. ಕಾಲುದಾರಿ ಕರಗುವುದು ನನಗೂ ಬೇಸರವೇ. ಆದರೆ ನಮ್ಮ ಕಣ್ಣಿಗೆ ಚೆಂದವಾಗಿರಲಿ ಎಂದು ಇನ್ನೊಬ್ಬರು ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ನಡೆಯಲಿ ಎನ್ನಲು ನನ್ನಿಂದಾಗದು.

ಹೋಗುವ ಮನಸ್ಸಿದ್ದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಸರಿಯಾದ ಕಾಲ. ಮಕ್ಕಳಿದ್ದರೆ ಹೊರಡುವ ಮೊದಲು ವೈದ್ಯರನ್ನು ಕಾಣಿ. ಎತ್ತರಕ್ಕೆ ಮೈ ಒಗ್ಗಲು ದಿನಗಳನ್ನು ಎಣಿಸಿಟ್ಟುಕೊಳ್ಳಿ. ತಲೆನೋವು, ವಾಂತಿ ಹೆಚ್ಚಾದರೆ ಮುಂದೆ ಹತ್ತದೆ ಕೆಳಗಿಳಿಯಿರಿ. ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ನಡುಗಿಸುತ್ತದೆ. ಟೋಪಿ, ಸ್ವೆಟರ್ ಎರಡೂ ಇರಲಿ. ಹಳ್ಳಿಯ ಮನೆಗಳಲ್ಲೇ ತಂಗಿ, ಅವರು ಕೊಟ್ಟದ್ದನ್ನು ಉಣ್ಣಿ. ದುಡ್ಡು ಅಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ ಕವರುಗಳನ್ನು ವಾಪಸ್ ತನ್ನಿ. ಅಲ್ಲಿ ಬಿಟ್ಟರೆ ಅದನ್ನೂ ಕುದುರೆಯೇ ಹೊರಬೇಕು. ದಾರಿಯಲ್ಲಿ ಸಿಕ್ಕವರಿಗೆಲ್ಲ ‘ಜೂಲೇ’ ಅನ್ನಿ. ನಮಸ್ಕಾರಕ್ಕೆ, ಥ್ಯಾಂಕ್ಸಿಗೆ, ಹೋಗಿಬರುತ್ತೇವೆ ಎನ್ನುವುದಕ್ಕೆ, ಮೂರಕ್ಕೂ ಅಲ್ಲಿ ಅದೊಂದೇ ಮಾತು.