ಬೆಟ್ಟದ ಓಟಕ್ಕೆ ಬಯಲಿನ ಕಾಲು

ಸಂತಾನ ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು ದಂಪತಿಗಳು ಬರುವ ನಮ್ಮ ಹೆಮ್ಮರಗಾಲದಲ್ಲಿ ಬೆಳಗಿನ ಓಟಕ್ಕೆ ಸಪಾಟು ದಾರಿ. ಅದೇ ಧೈರ್ಯದ ಮೇಲೆ, ಬಡಮಕ್ಕಳ ಓದಿಗೆಂದು ಮೈಸೂರಿನಲ್ಲಿ ನಡೆದ ಅರ್ಧ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ದೂರ 21.0975 ಕಿಲೋಮೀಟರು, ನಡುವೆ ಚಾಮುಂಡಿ ಬೆಟ್ಟ! ಕಿಲೋಮೀಟರಿಗೆ ಇಷ್ಟೆಂದು ಊರಿನವರು ಹಣ ಒಪ್ಪಿದ್ದರು. ನಿಂತರೆ ಅಲ್ಲಿಗೇ ಲೆಕ್ಕ ಚುಕ್ತಾ.

ಏರಿನಲ್ಲಿ ಮೊಣಕಾಲು ಮುಷ್ಕರ ಹೂಡಿತು. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿ ಮುನ್ನೂರು ವರ್ಷ ಮೀರಿ ಕೂತೇ ಇದೆ. ನನಗೂ ಕೂರುವ ಆಸೆ. ಮೆಟ್ಟಿಲೇರಿ ಬಂದ ಅಜ್ಜಿಯೊಬ್ಬರು, ‘ಓಡಬ್ಯಾಡ ಕಣ್ ಮಗ, ನಡ್ಕೊಂಡೋಗು. ಬೆಟ್ಟ ಎಲ್ಗೂ ಹೋಗಲ್ಲ’ ಎಂದರು. ನಡೆದೆ.

ಇಳಿಜಾರು ಏರಿಗಿಂತ ಕ್ರೂರ. ತೊಡೆ ನಡುಗುತ್ತದೆ, ಹೆಬ್ಬೆರಳು ಬೂಟಿಗೆ ಬಡಿಯುತ್ತದೆ. ಕೊನೆಯವರ ಸಾಲಿನಲ್ಲಿ ಮುಗಿಸಿದೆ. ಊರಲ್ಲಿ ಒಪ್ಪಿದ ಹಣ ವಸೂಲಾಗಲು ಎರಡು ತಿಂಗಳು ಹಿಡಿಯಿತು.